ಓದುಗರ ಪ್ರಶ್ನೆ: ‘ನಾನು ಯೋಗ್ಯನಲ್ಲ’ ಅಂದ ಮೇಲೆ?

ಈ ತಿಂಗಳು ಬಂದ ಕಾಗದಗಳಲ್ಲಿ ಬಹುಪಾಲು ಒಂದೇ ಮಾತನ್ನು ಸುತ್ತುತ್ತಿದ್ದವು: ದೇವರ ಮುಂದೆ ನಿಲ್ಲೋಕೆ ನನಗೆ ಮುಖ ಇಲ್ಲ. ಅವುಗಳಲ್ಲಿ ಐದನ್ನು ಎತ್ತಿಕೊಂಡಿದ್ದೇವೆ. ಗುರುತು ಸಿಗುವಂಥ ವಿವರ ತೆಗೆದು, ಕೆಲವನ್ನು ಮೊಟಕು ಮಾಡಿದ್ದೇವೆ. ಉತ್ತರಿಸಿದವರು ಒಬ್ಬ ಕಥೋಲಿಕ ಧರ್ಮಗುರು ಮತ್ತು ಒಬ್ಬ ಮನೋವೈದ್ಯೆ.

ಪ್ರಶ್ನೆ: ನನಗೆ 46 ವರ್ಷ. ಗುರುಗಳ ಹತ್ತಿರ ಪಾಪ ಹೇಳಿಕೊಂಡು ಕ್ಷಮೆ ಬೇಡುವ ಪಾಪನಿವೇದನೆ ಮಾಡಿ 22 ವರ್ಷ ಆಯಿತು. ಭಾನುವಾರ ಹೆಂಡತಿ ಮಕ್ಕಳ ಜೊತೆ ಪೂಜೆಗೆ ಹೋಗುತ್ತೇನೆ. ಪರಮಪ್ರಸಾದ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ) ಕೊಡುವ ಹೊತ್ತಿಗೆ ಅವರು ಏಳುತ್ತಾರೆ, ನಾನು ಕಾಲು ಮಡಚಿ ದಾರಿ ಬಿಟ್ಟು ಕೂತಲ್ಲೇ ಕೂರುತ್ತೇನೆ. ‘ಅಪ್ಪ ಯಾಕೆ ತಗೊಳಲ್ಲ’ ಅಂತ ಮಗಳು ಕೇಳುವ ಹಾಗಾಗಿದೆ. ಕುಡಿತ ಇತ್ತು, ಕೆಲಸದ ಜಾಗದಲ್ಲಿ ಹಣದ ತಪ್ಪು ಮಾಡಿದ್ದೇನೆ, ಬರೆಯಲಾಗದ್ದೂ ಇದೆ. ಹೇಳುವ ಜಪಗಳೇ ಮರೆತುಹೋಗಿವೆ. ನಮ್ಮ ಫಾದರ್ ಮನೆಗೆ ಬಂದು ಹೋಗುವಷ್ಟು ಪರಿಚಯ. ಎಲ್ಲಿಂದ ಶುರು ಮಾಡಲಿ?

ಧರ್ಮಗುರು: ನಿಮ್ಮ ಮನೆಯವರು ಸಾಲಿಗೆ ಏಳುವ ಅರೆ ನಿಮಿಷ ಮುಂಚೆ ಇಡೀ ದೇವಾಲಯ ಒಟ್ಟಿಗೆ ಏನು ಹೇಳುತ್ತದೆ, ನೆನಪಿಸಿಕೊಳ್ಳಿ. ಪ್ರಭುವೇ, ನೀವು ನನ್ನಲ್ಲಿಗೆ ಬರುವಷ್ಟು ಯೋಗ್ಯತೆ ನನಗಿಲ್ಲ, ಒಂದು ಮಾತು ಹೇಳಿ ಸಾಕು, ಗುಣವಾಗುತ್ತೇನೆ ಎಂಬ ಅರ್ಥದ ಪ್ರಾರ್ಥನೆ. ಪೀಠದ ಮುಂದಿರುವ ಗುರುವೂ ಜನರೊಡನೆ ಅದನ್ನೇ ಹೇಳಬೇಕು. ಪೋಪರಿಗೂ ವಿನಾಯಿತಿ ಇಲ್ಲ. ಯೋಗ್ಯರ ಸಾಲು ಅಂತ ಒಂದಿದೆ, ನಾನೊಬ್ಬ ಅದರ ಹೊರಗೆ ಕೂತಿದ್ದೇನೆ ಅಂದುಕೊಂಡಿದ್ದರೆ, ಅಂಥ ಸಾಲೇ ಇಲ್ಲ.

ಆ ಮಾತನ್ನು ಮೊದಲು ಆಡಿದವನು ಕಫೆರ್ನವುಮಿನಲ್ಲಿದ್ದ ರೋಮನ್ ಶತಾಧಿಪತಿ, ಅಂದರೆ ನೂರು ಸೈನಿಕರ ಮುಖ್ಯಸ್ಥ. ಅವನ ಸೇವಕ ಸಾಯುವ ಹಾಗಿದ್ದ. ಲೂಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಊರ ಹಿರಿಯರು ಯೇಸುವಿನ ಹತ್ತಿರ ಬಂದು ‘ಇವನು ಯೋಗ್ಯ, ನಮಗೆ ಪ್ರಾರ್ಥನಾಮಂದಿರ ಕಟ್ಟಿಸಿಕೊಟ್ಟವನು’ ಅಂತ ಶಿಫಾರಸು ಮಾಡುತ್ತಾರೆ. ಅವನು ಗೆಳೆಯರನ್ನು ಕಳಿಸಿ ‘ನಾನು ಯೋಗ್ಯನಲ್ಲ’ ಅನ್ನುತ್ತಾನೆ. ಯೇಸು ಎರಡೂ ಲೆಕ್ಕವನ್ನು ತೂಗಿ ನೋಡಲು ಕೂರಲಿಲ್ಲ. ಸೇವಕ ಗುಣವಾದ.

ಹಾಗಂತ ನೀವು ಕೂತದ್ದು ತಪ್ಪಲ್ಲ. ಮಾರಕ ಪಾಪದ, ಅಂದರೆ ತಿಳಿದೂ ಒಪ್ಪಿಯೂ ಮಾಡಿದ ಗಂಭೀರ ಪಾಪದ ಅರಿವಿರುವವರು ಮೊದಲು ನಿವೇದನೆ ಮಾಡಿ ಆಮೇಲೆ ಪ್ರಸಾದಕ್ಕೆ ಬರಬೇಕೆಂಬುದು ಧರ್ಮಸಭೆಯ ನಿಯಮ. ಅದರ ಅರ್ಧವನ್ನು 22 ವರ್ಷ ಪಾಲಿಸಿದ್ದೀರಿ. ಉಳಿದರ್ಧ ಹೀಗೆ.

ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರವೇ ಹೇಳಬೇಕೆಂದಿಲ್ಲ. ನಿವೇದನೆ ಕೇಳಲು ಅಧಿಕಾರವಿರುವ ಯಾವ ಗುರುವಿನ ಹತ್ತಿರವೂ ಹೋಗುವ ಸ್ವಾತಂತ್ರ್ಯವನ್ನು ಧರ್ಮಸಭೆಯ ಕಾನೂನೇ ಕೊಟ್ಟಿದೆ. ಪಕ್ಕದ ಊರು, ಆಶ್ರಮ, ಯಾತ್ರಾಸ್ಥಳ, ಎಲ್ಲಾದರೂ ಸರಿ. ಜಾಲರಿಯ ಹಿಂದೆ ಮುಖ ಕಾಣದಂತೆ ಹೇಳುವುದೂ ನಿಮ್ಮ ಹಕ್ಕು. ಕೇಳಿದ್ದನ್ನು ಗುರು ಯಾರಿಗೂ, ಯಾವ ಕಾರಣಕ್ಕೂ, ನೀವು ಸತ್ತ ಮೇಲೂ ಹೇಳುವಂತಿಲ್ಲ. ಹೇಳಿದವನಿಗೆ ಬೀಳುವುದು ಬಹಿಷ್ಕಾರ, ಅದನ್ನು ತೆಗೆಯುವ ಅಧಿಕಾರ ರೋಮಿಗೆ ಮಾತ್ರ.

ಹೊತ್ತು ಆಯ್ದುಕೊಳ್ಳುವುದರಲ್ಲಿ ಬಹಳ ಜನ ಎಡವುತ್ತಾರೆ. ಕ್ರಿಸ್ಮಸ್‌ಗೂ ಈಸ್ಟರ್‌ಗೂ ಹಿಂದಿನ ವಾರ ಬೇಡ. ಆಗ ಸಾಲು ಬಾಗಿಲು ದಾಟಿರುತ್ತದೆ, ಒಬ್ಬೊಬ್ಬರಿಗೆ ಎರಡು ನಿಮಿಷ ಸಿಕ್ಕಿದರೆ ಹೆಚ್ಚು. 22 ವರ್ಷವನ್ನು ಅಲ್ಲಿ ತುರುಕಿದರೆ ನಿಮಗೂ ಸಮಾಧಾನ ಇಲ್ಲ, ಹಿಂದಿನವರ ಕೆಮ್ಮೂ ನಿಲ್ಲುವುದಿಲ್ಲ. ವಾರದ ನಡುವೆ ಫೋನ್ ಮಾಡಿ ‘ಪಾಪನಿವೇದನೆಗೆ ಅರ್ಧ ಗಂಟೆ ಬೇಕಿತ್ತು ಸ್ವಾಮಿ’ ಅನ್ನಿ. ಕಾರಣ ಹೇಳಬೇಕಾಗಿಲ್ಲ. ಫೋನಿನಲ್ಲೇ ನಿವೇದನೆ ಆಗುವುದಿಲ್ಲ, ಕಾಗದ ಬರೆದು ಕಳಿಸಿದರೂ ಆಗುವುದಿಲ್ಲ. ಎದುರು ಹೋಗಲೇಬೇಕು.

ಹಿಂದಿನ ರಾತ್ರಿ ಒಂದು ಚೀಟಿ ಬರೆದುಕೊಳ್ಳಿ. ಮಾರಕ ಪಾಪಗಳನ್ನು ಬಗೆ ಮತ್ತು ಎಣಿಕೆ ಎರಡನ್ನೂ ಸೇರಿಸಿ ಹೇಳಬೇಕು. ನಿಖರ ಲೆಕ್ಕ ಸಿಗುವುದಿಲ್ಲ, ‘ತಿಂಗಳಿಗೆ ಎರಡು ಮೂರು ಸಲ, ಸುಮಾರು ಏಳು ವರ್ಷ’ ಅಂದರೆ ಸಾಕು. ಒಂದೊಂದು ಬಾಬ್ತಿಗೆ ಒಂದೇ ಸಾಲು. ಕತೆ ಬೇಡ, ಬೇರೆಯವರ ಹೆಸರಂತೂ ಬೇಡವೇ ಬೇಡ.

ಹೋದ ಮೇಲೆ ಶಿಲುಬೆ ಗುರುತು ಹಾಕಿ, ‘ಆಶೀರ್ವದಿಸಿ ಸ್ವಾಮಿ, ನಿವೇದನೆ ಮಾಡಿ 22 ವರ್ಷವಾಯಿತು, ಮದುವೆಯಾಗಿದೆ, ಕ್ರಮ ಮರೆತಿದ್ದೇನೆ, ನಡೆಸಿಕೊಡಿ’ ಅನ್ನಿ. ಇಷ್ಟು ಕೇಳಿದ ಗುರು ಮುಂದಿನದನ್ನು ತಾವೇ ಕೈ ಹಿಡಿದು ನಡೆಸುತ್ತಾರೆ. ಚೀಟಿ ಓದಿ. ಕೊನೆಗೆ ‘ಇವಕ್ಕೂ ನೆನಪಿಗೆ ಬಾರದವಕ್ಕೂ ಕ್ಷಮೆ ಬೇಡುತ್ತೇನೆ’ ಅನ್ನಿ. ಗುರು ಒಂದೆರಡು ಮಾತು ಹೇಳಿ ಪ್ರಾಯಶ್ಚಿತ್ತ ಕೊಡುತ್ತಾರೆ, ಮೂರು ಪರಲೋಕ ಮಂತ್ರವೋ 51ನೇ ಕೀರ್ತನೆಯೋ. ಮಾಡಲಾಗದ್ದನ್ನು ಕೊಟ್ಟರೆ ಬದಲಿಸಿ ಅಂತ ಅಲ್ಲೇ ಕೇಳಬಹುದು. ಪಶ್ಚಾತ್ತಾಪದ ಜಪ ಬಾರದಿದ್ದರೆ ಸ್ವಂತ ಮಾತು ಸಾಕು. ಬಲಗೈ ಚಾಚಿ ಕ್ಷಮೆಯ ಮಾತು ಹೇಳಿದಾಗ ‘ಆಮೆನ್’. ಹೊರಗೆ ಬಂದು ಚೀಟಿ ಹರಿದು ಹಾಕಿ. ಅಂಗಿ ಜೇಬಿನಲ್ಲೇ ಮರೆತು ಬಟ್ಟೆ ಒಗೆಯುವವರ ಕೈಗೆ ಸಿಗುವುದು ಬೇಡ.

ಕೆಡುವುದು ಎಲ್ಲಿ? ಒಂದು, ‘ಎಲ್ಲ ಪಾಪವೂ ಮಾಡಿದ್ದೇನೆ ಸ್ವಾಮಿ’ ಅಂತ ಒಂದೇ ಉಸಿರಿಗೆ ಮುಗಿಸುವುದು. ವಿನಯದ ಹಾಗೆ ಕೇಳಿಸುತ್ತದೆ, ಏನೂ ಹೇಳಿದಂತಾಗುವುದಿಲ್ಲ. ಇನ್ನೊಂದು, ಹೆಂಡತಿಯ ಪಾಪ ಹೇಳುವುದು. ಮೂರನೆಯದು ಗಂಭೀರ, ತಿಳಿದೂ ತಿಳಿದೂ ಒಂದನ್ನು ಮುಚ್ಚಿಟ್ಟರೆ ನಿವೇದನೆಯೇ ಅಸಿಂಧು. ಮರೆತದ್ದು ಹಾಗಲ್ಲ, ಅದೂ ಕ್ಷಮೆಯಲ್ಲಿ ಸೇರಿತು, ನೆನಪಾದರೆ ಮುಂದಿನ ಸಲ ಹೇಳಿ.

ಹಣ ಮಾತ್ರ ಹಿಂದಿರುಗಬೇಕು. ಒಮ್ಮೆಗೇ ಆಗದಿದ್ದರೆ ಕಂತಿನಲ್ಲಿ. ಹೆಸರು ಹೇಳಿ ಕೊಡಬೇಕೆಂದಿಲ್ಲ, ಗುರುಗಳ ಮೂಲಕ ತಲುಪಿಸಬಹುದು. ಕಳಕೊಂಡವರು ತೀರಿಹೋಗಿದ್ದರೆ ವಾರಸುದಾರರಿಗೆ, ಅವರೂ ಸಿಗದಿದ್ದರೆ ಬಡವರಿಗೆ.

ಇನ್ನು ಮರೆತ ಜಪದ ಚಿಂತೆ. ಲೂಕ 15ರ ಕಿರಿಯ ಮಗ ಹಂದಿಗಳ ನಡುವೆ ಕೂತು ಅಪ್ಪನಿಗೆ ಹೇಳುವ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದ: ಪಾಪ ಮಾಡಿದೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯವರಲ್ಲಿ ಒಬ್ಬನಾಗಿ ಇಟ್ಟುಕೊ. 18 ಮತ್ತು 19ನೇ ವಚನಗಳಲ್ಲಿ ಮೂರೂ ಇವೆ. ಮನೆಗೆ ಬಂದು ಹೇಳುವಾಗ, 21ನೇ ವಚನದಲ್ಲಿ, ಎರಡೇ ಇವೆ. ಮೂರನೆಯದು ಬಾಯಿಗೆ ಬರುವಷ್ಟರಲ್ಲಿ ಅಪ್ಪ ಆಳುಗಳಿಗೆ ‘ಬಟ್ಟೆ ತನ್ನಿ’ ಅಂತ ಕೂಗಿ ಆಗಿತ್ತು.

ಮುಗಿದ ಮೇಲೆ ಎದೆ ಹಗುರವಾಗಬಹುದು, ಆಗದೆಯೂ ಇರಬಹುದು. ಆಗಲಿಲ್ಲವೆಂದು ಮತ್ತೆ ಓಡಬೇಡಿ. ಕ್ಷಮೆ ಸಿಕ್ಕಿತೋ ಇಲ್ಲವೋ ಅನ್ನುವುದಕ್ಕೆ ಎದೆಯ ಭಾರ ಅಳತೆಗೋಲಲ್ಲ.

ಪ್ರಶ್ನೆ: ವಯಸ್ಸು 29, ಶಿಕ್ಷಕಿ. ಪ್ರಸಾದ ಸ್ವೀಕರಿಸುವಾಗಲೇ ಯೇಸುವಿನ ತಾಯಿ ಮರಿಯ ಮಾತೆಯ ಬಗ್ಗೆ ಹೊಲಸು ಮಾತು ತಲೆಗೆ ಬರುತ್ತದೆ. ಕೂಡಲೇ ನಿವೇದನೆಗೆ ಓಡುತ್ತೇನೆ. ಕಳೆದ ವಾರ ಮೂರು ಬೇರೆ ಬೇರೆ ಗುಡಿಗೆ ಹೋದೆ. ಜಪಸರ ಹೇಳುವಾಗ ಗಮನ ಹರಿದರೆ ಮೊದಲಿಂದ ಶುರು ಮಾಡುತ್ತೇನೆ, 20 ನಿಮಿಷದ್ದು ಎರಡು ಗಂಟೆ ಆಗುತ್ತದೆ. ‘ಪಾಪ ಅಲ್ಲ ಅಲ್ವಾ’ ಅಂತ ಅಮ್ಮನನ್ನು ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಇಂಥವಳನ್ನು ದೇವರು ಪ್ರೀತಿಸುವುದಾದರೂ ಹೇಗೆ?

ಧರ್ಮಗುರು: ಪಾಪ ಮಾರಕವಾಗಲು ಮೂರೂ ಒಟ್ಟಿಗೆ ಇರಬೇಕು: ವಿಷಯ ಗಂಭೀರವಾಗಿರಬೇಕು, ಅದು ಪಾಪವೆಂದು ಪೂರ್ತಿ ತಿಳಿದಿರಬೇಕು, ಮನಸಾರೆ ಒಪ್ಪಿ ಮಾಡಿರಬೇಕು. ನಿಮಗೆ ಬರುವ ಮಾತು ಕಂಡು ನೀವೇ ನಡುಗುತ್ತೀರಿ. ನಡುಗುವವಳು ಒಪ್ಪಿದವಳಲ್ಲ. ಪಾಪ ಇಲ್ಲ ಅಂದ ಮೇಲೆ ನಿವೇದನೆ ಮಾಡಲು ಸರಕೇ ಇಲ್ಲ.

ಇದು ಹಳೆಯ ಬೇನೆ, ನಮ್ಮಲ್ಲಿ ಇದಕ್ಕೆ ಹೆಸರೇ ಇದೆ, ಸ್ಕ್ರೂಪಲ್. ಲ್ಯಾಟಿನ್ನಿನಲ್ಲಿ ಚೂಪಾದ ಪುಟ್ಟ ಕಲ್ಲು ಎಂದರ್ಥ. ಚಪ್ಪಲಿಯೊಳಗೆ ಹೊಕ್ಕ ಹರಳು. ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸರಿಗೂ ಇದು ಚುಚ್ಚಿತ್ತು. 1522ರ ಮಾರ್ಚ್‌ನಲ್ಲಿ ಸ್ಪೇನಿನ ಮೊಂಟ್ಸೆರಾಟ್‌ನಲ್ಲಿ ತಮ್ಮ ಬದುಕಿನ ಪಾಪಗಳನ್ನೆಲ್ಲ ಬರೆದುಕೊಂಡು ಮೂರು ದಿನ ನಿವೇದನೆ ಮಾಡಿದರು. ಹತ್ತಿರದ ಮನ್ರೇಸಕ್ಕೆ ಬಂದ ಮೇಲೂ ‘ಅದೊಂದನ್ನು ಸರಿಯಾಗಿ ಹೇಳಲಿಲ್ಲವೇನೋ’ ಶುರುವಾಯಿತು. ತೀರಾ ಸ್ಪಷ್ಟವಾಗಿ ಕಾಣುವುದನ್ನು ಬಿಟ್ಟು ಹಳೆಯದನ್ನು ಎತ್ತಬೇಡ ಎಂದರು ಅವರ ಗುರು. ಉಪಯೋಗವಾಗಲಿಲ್ಲ, ಏಕೆಂದರೆ ಅವರಿಗೆ ಎಲ್ಲವೂ ತೀರಾ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಒಂದು ವಾರ ಪೂರ್ತಿ ಅನ್ನ ಬಿಟ್ಟರು. ಕೋಣೆಯಲ್ಲಿದ್ದ ಗುಂಡಿಗೆ ಬಿದ್ದು ಸಾಯಬೇಕು ಅನ್ನಿಸುವವರೆಗೂ ಹೋಯಿತು. ಕೊನೆಗೆ ಹಳೆಯ ಯಾವುದನ್ನೂ ಇನ್ನು ನಿವೇದನೆಯಲ್ಲಿ ಹೇಳುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿದರು. ಬಿಡುಗಡೆ ಅಲ್ಲಿಂದ.

ನಿಮಗೆ ಕಟ್ಟುಪಾಡು ಹೀಗಿರಲಿ. ಒಬ್ಬರೇ ಗುರು, ಗುಡಿಯಿಂದ ಗುಡಿಗೆ ತಿರುಗುವುದು ಇಂದೇ ನಿಲ್ಲಲಿ. ಮೊದಲ ಭೇಟಿಯಲ್ಲೇ ಅವರಿಗೆ ಈ ತೊಂದರೆ ಇದೆ ಅಂತ ಹೇಳಿ, ಇಲ್ಲದಿದ್ದರೆ ಅವರು ಒಳ್ಳೆಯ ಮನಸ್ಸಿನಿಂದಲೇ ‘ಮತ್ತೇನಾದರೂ ಇದೆಯಾ’ ಅಂತ ಕೆದಕಿ ಹೆಚ್ಚು ಮಾಡುತ್ತಾರೆ. ನಿವೇದನೆ ತಿಂಗಳಿಗೆ ಒಂದೇ ಸಲ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನ. ಒಮ್ಮೆ ಹೇಳಿದ್ದು ಎರಡನೇ ಸಲ ಇಲ್ಲ. ‘ಪಾಪವೋ ಅಲ್ಲವೋ’ ಎಂಬ ಅನುಮಾನದಲ್ಲಿರುವುದು ನಿಮ್ಮ ಮಟ್ಟಿಗೆ ಪಾಪವಲ್ಲ. ಈ ಸೂತ್ರ ಎಲ್ಲರಿಗೂ ಅಲ್ಲ, ನಿಮ್ಮಂಥವರಿಗೆ ಮಾತ್ರ. ಆ ಗುರುಗಳು ಹೋಗು ಅಂದರೆ ನಡುವೆ ನಿವೇದನೆ ಇಲ್ಲದೆಯೇ ಪ್ರಸಾದಕ್ಕೆ ಹೋಗಿ. ಜಪಸರದಲ್ಲಿ ಹೇಳಿದ ಮಣಿ ಹೇಳಿಯಾಯಿತು, ಗಮನ ಹರಿದರೂ ಬೆರಳು ಮುಂದಿನ ಮಣಿಗೆ ಹೋಗಲಿ. ಗಡಿಯಾರ ಇಟ್ಟುಕೊಳ್ಳಿ, 25 ನಿಮಿಷಕ್ಕೆ ಎಲ್ಲಿದ್ದರೆ ಅಲ್ಲಿಗೆ ನಿಲ್ಲಿಸಿ. ಅರ್ಧಕ್ಕೆ ಬಿಟ್ಟ ಜಪ ದೇವರಿಗೆ ಅವಮಾನವಲ್ಲ.

ಮನೋವೈದ್ಯೆ: ಗುರುಗಳು ಹೇಳಿದ್ದು ಬಹುಪಾಲು ಚಿಕಿತ್ಸೆಯೇ. ವೈದ್ಯಕೀಯದಲ್ಲಿ ಇದು ಗೀಳು ಕಾಯಿಲೆ, ಒಸಿಡಿ. ಬೇಡದ ಯೋಚನೆ ನುಗ್ಗುತ್ತದೆ, ಭಯ ಏರುತ್ತದೆ, ಭಯ ಇಳಿಸಲು ಒಂದು ಕ್ರಿಯೆ ಮಾಡುತ್ತೀರಿ, ಹತ್ತು ನಿಮಿಷ ನೆಮ್ಮದಿ, ಮತ್ತೆ ಯೋಚನೆ. ಕೆಲವರಿಗೆ ಆ ಕ್ರಿಯೆ ಕೈ ತೊಳೆಯುವುದು, ನಿಮಗೆ ನಿವೇದನೆ ಮತ್ತು ಜಪ. ಇವು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ತಿನ್ನುತ್ತಿದ್ದರೆ ಕಾಯಿಲೆ ಎಂದೇ ಲೆಕ್ಕ. ಯೋಚನೆ ಯಾವಾಗಲೂ ನಿಮಗೆ ಅತಿ ಪ್ರಿಯವಾದುದನ್ನೇ ಹುಡುಕಿ ಕೆಡಿಸುತ್ತದೆ. ಕೂಸನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸುವ ತಾಯಿಗೆ ಕೂಸಿಗೇ ಏನೋ ಮಾಡಿಬಿಡುವ ಯೋಚನೆ ಬರುತ್ತದೆ, ಭಕ್ತಿಯಿರುವ ನಿಮಗೆ ಮಾತೆಯ ಬಗ್ಗೆ.

ಯೋಚನೆಯನ್ನು ತಡೆಯಲು ಹೋಗಬೇಡಿ, ತಡೆದಷ್ಟೂ ಬರುತ್ತದೆ. ನಿಲ್ಲಿಸಬೇಕಾದ್ದು ಕ್ರಿಯೆಯನ್ನು. ಯೋಚನೆ ಬಂತು, ಭಯವಾಯಿತು, ಏನೂ ಮಾಡದೆ ಅದೇ ಬೆಂಚಿನಲ್ಲಿ ಕೂತಿರಿ. ಭಯ ಏರಿ, ಸ್ವಲ್ಪ ಹೊತ್ತು ನಿಂತು, ತಾನಾಗಿ ಇಳಿಯುತ್ತದೆ. ಇದನ್ನು ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ತರಬೇತಾದ ಮನಃಶಾಸ್ತ್ರಜ್ಞರ ಜೊತೆ ಮಾಡಬೇಕು. ಮೊದಲ ಎರಡು ವಾರ ಭಯ ಹೆಚ್ಚಾಗುವುದು ಸಹಜ, ಹಲವರು ಅಲ್ಲೇ ಬಿಟ್ಟುಬಿಡುತ್ತಾರೆ. ಅಮ್ಮನನ್ನು ಕೇಳುವುದೂ ಒಂದು ಕ್ರಿಯೆಯೇ, ಮೊಬೈಲಿನಲ್ಲಿ ಹುಡುಕುವುದೂ. ಅಮ್ಮ ‘ಅಲ್ಲ ಕಣೇ, ಪಾಪ ಅಲ್ಲ’ ಅಂದಾಗಲೆಲ್ಲ ಗೀಳಿಗೆ ಒಂದು ತುತ್ತು ಹಾಕಿದಂತೆ. ‘ಇದಕ್ಕೆ ಉತ್ತರ ಕೊಡಲ್ಲ ಅಂತ ಮಾತಾಗಿದೆ’ ಎಂದು ಪ್ರೀತಿಯಿಂದಲೇ ಹೇಳಿ ಬೇರೆ ಮಾತಿಗೆ ತಿರುಗಲಿ.

ಮಾತ್ರೆ ಬೇಕಾಗಬಹುದು. ಫ್ಲುಯೋಕ್ಸೆಟಿನ್, ಸರ್ಟ್ರಲಿನ್ ಬಗೆಯವು. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣಕ್ಕೆ ನಿಧಾನವಾಗಿ ಏರಿಸುತ್ತಾರೆ, ಗುಣ ಕಾಣಲು 8ರಿಂದ 12 ವಾರ ಬೇಕು. ಮೂರನೇ ವಾರಕ್ಕೇ ‘ಏನೂ ಆಗಲಿಲ್ಲ’ ಅಂತ ಬಿಡುವುದು, ಹುಷಾರಾದ ಕೂಡಲೇ ಒಮ್ಮೆಗೇ ನಿಲ್ಲಿಸುವುದು, ಎರಡೂ ಕೆಡುಕು. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಗೇ ಪ್ರತ್ಯೇಕ ಕ್ಲಿನಿಕ್ ಇದೆ. ಇಗ್ನೇಷಿಯಸರಿಗೆ ಬಂದಂಥ ಸಾಯುವ ಯೋಚನೆ ಸುಳಿದರೆ ಅದೇ ಗಳಿಗೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ನಮ್ಮ 14 ವರ್ಷದ ಮಗನಿಗೆ ಪಿಟ್ಸ್. ಎರಡು ವರ್ಷದಿಂದ ಮಾತ್ರೆ ನಡೆಯುತ್ತಿತ್ತು. ಪ್ರಾರ್ಥನಾ ಕೂಟವೊಂದರಲ್ಲಿ ‘ಮನೆಯಲ್ಲಿ ಪಾಪ ಇದೆ, ಅದಕ್ಕೇ ಗುಣವಾಗಿಲ್ಲ, ಮಾತ್ರೆ ನಿಲ್ಲಿಸಿ ನಂಬಿಕೆ ತೋರಿಸಿ’ ಅಂದರು. ನಿಲ್ಲಿಸಿದೆವು. ಹತ್ತು ದಿನದಲ್ಲಿ ಎರಡು ಸಲ ಬಂತು. ನಮ್ಮ ಪಾಪವೇ ಕಾರಣವಾ?

ಮನೋವೈದ್ಯೆ: ಈ ಪುಟ ಮಡಚಿಟ್ಟು ಮೊದಲು ಮಗನ ವೈದ್ಯರಿಗೆ ಫೋನ್ ಮಾಡಿ. ಯಾವ ಮಾತ್ರೆ, ಎಷ್ಟು ದಿನ ತಪ್ಪಿದೆ ಹೇಳಿ, ಅವರು ಹೇಳಿದ ಪ್ರಮಾಣದಲ್ಲೇ ಮತ್ತೆ ಶುರು ಮಾಡಿ. ತಪ್ಪಿದ್ದನ್ನು ಸರಿದೂಗಿಸಲು ಎರಡೆರಡು ನುಂಗಿಸಬೇಡಿ. ಪಿಟ್ಸ್ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ಒಂದರ ಹಿಂದೆ ಒಂದು ಬಿಡದೆ ಬಂದು ಜೀವಕ್ಕೇ ಕುತ್ತಾಗಬಹುದು. ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ ಒಂದೂ ಬಾರದಿದ್ದ ಮೇಲೆ, ಅದೂ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ, ವೈದ್ಯರೇ ನಿಲ್ಲಿಸುತ್ತಾರೆ.

ಬಂದಾಗ ಪಕ್ಕಕ್ಕೆ ಮಲಗಿಸಿ, ಕೊರಳ ಗುಂಡಿ ಬಿಚ್ಚಿ, ತಲೆ ಕೆಳಗೆ ಮೆತ್ತಗಿನದು ಇಡಿ, ಗಡಿಯಾರ ನೋಡಿ. ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು, ಇವುಗಳಿಂದ ನಿಂತದ್ದಿಲ್ಲ. ಅದು ತಾನಾಗಿ ನಿಲ್ಲುವ ಹೊತ್ತಿಗೆ ಬೀಗದ ಕೈ ಹೆಸರು ತಗೊಳ್ಳುತ್ತದೆ, ಅಷ್ಟೇ. ಚಮಚದಿಂದ ಹಲ್ಲು ಮುರಿಯುತ್ತದೆ. ಐದು ನಿಮಿಷ ದಾಟಿದರೆ ಅಥವಾ ಎಚ್ಚರಾಗದೆ ಮತ್ತೊಂದು ಬಂದರೆ 108.

ಧರ್ಮಗುರು: ಹುಟ್ಟುಕುರುಡನನ್ನು ಕಂಡ ಶಿಷ್ಯರು ಯೇಸುವನ್ನು ಕೇಳಿದ್ದೂ ನಿಮ್ಮ ಪ್ರಶ್ನೆಯನ್ನೇ: ಪಾಪ ಇವನದೋ, ಹೆತ್ತವರದೋ? ಇವನದೂ ಅಲ್ಲ, ಹೆತ್ತವರದೂ ಅಲ್ಲ ಎಂದರು. ಯೊವಾನ್ನ 9, ಮೂರನೇ ವಚನ. ಇಷ್ಟು ನೇರ ಉತ್ತರ ಇರುವಾಗ ಎರಡು ಸಾವಿರ ವರ್ಷದ ಮೇಲೆ ಮೈಕು ಹಿಡಿದು ಅದನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ಬೈಬಲಿನಲ್ಲೇ ಸಿರಾಖನ 38ನೇ ಅಧ್ಯಾಯ ವೈದ್ಯನನ್ನು ಗೌರವಿಸು ಅನ್ನುತ್ತದೆ, ಔಷಧವನ್ನು ನೆಲದಿಂದ ಹುಟ್ಟಿಸಿದವರು ದೇವರೇ, ಬುದ್ಧಿಯಿರುವವನು ಅದನ್ನು ತಿರಸ್ಕರಿಸುವುದಿಲ್ಲ ಅನ್ನುತ್ತದೆ. ಇಂಥ ಕೂಟಗಳ ಬಗ್ಗೆ 2000ನೇ ಇಸವಿಯಲ್ಲಿ ರೋಮ್ ಹೊರಡಿಸಿದ ಸೂಚನೆಯಲ್ಲಿ ಉನ್ಮಾದ, ನಾಟಕೀಯತೆ ಕೂಡದು ಅಂತ ಬರೆದೇ ಇದೆ. ಮಾತ್ರೆ ಬಿಡಿಸಿದ ವಿಷಯವನ್ನು ನಿಮ್ಮ ಧರ್ಮಕೇಂದ್ರದ ಗುರುಗಳಿಗೆ, ಅವರ ಮೂಲಕ ಧರ್ಮಾಧ್ಯಕ್ಷರ ಕಚೇರಿಗೆ ತಿಳಿಸಿ. ದೂರು ಅಂತ ಹಿಂಜರಿಯಬೇಡಿ, ಮುಂದಿನ ಮನೆಯ ಮಗುವಿಗೆ ಬೇಕು.

ಮಗನಿಗೆ ಪವಿತ್ರ ತೈಲದ ಲೇಪನ ಕೇಳಿ. ಅದು ಸಾಯುವವರಿಗೆ ಮಾತ್ರ ಎಂಬ ಹಳೆಯ ಭಯ ಬಿಡಿ. ತಿಳಿವಳಿಕೆ ಬಂದ ವಯಸ್ಸಿನ, ಗಂಭೀರ ಕಾಯಿಲೆಯಿರುವ ಯಾರಿಗೂ ಕೊಡಬಹುದು, ಕಾಯಿಲೆ ಉಲ್ಬಣಿಸಿದರೆ ಮತ್ತೆಯೂ ಕೊಡಬಹುದು. ಗುರು ತಲೆಯ ಮೇಲೆ ಕೈಯಿಟ್ಟು, ಹಣೆಗೂ ಎರಡು ಕೈಗಳಿಗೂ ಎಣ್ಣೆ ಹಚ್ಚುತ್ತಾರೆ. ಹತ್ತು ನಿಮಿಷದ ಕೆಲಸ. ಅಂದು ರಾತ್ರಿಯ ಮಾತ್ರೆಯನ್ನೂ ತಪ್ಪದೆ ನುಂಗಿಸಿ.

ಪ್ರಶ್ನೆ: 2011ರಲ್ಲಿ ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ಸ್ಕ್ಯಾನ್ ಮಾಡಿಸಿ ಎರಡನೆಯದೂ ಹೆಣ್ಣು ಅಂತ ತಿಳಿದು, ಅತ್ತೆ ಮಾವ, ಗಂಡ ಸೇರಿ ತೆಗೆಸಿದರು. ನಾನು ಬೇಡ ಅಂದೆ, ಗಟ್ಟಿಯಾಗಿ ಅನ್ನಲಿಲ್ಲ. ಈಗಲೂ ಫಿನಾಯಿಲ್ ವಾಸನೆ ಬಂದರೆ ಕೈಕಾಲು ತಣ್ಣಗಾಗುತ್ತದೆ. ನನಗೆ ಕ್ಷಮೆ ಇಲ್ಲ, ಬಹಿಷ್ಕಾರ ಆಗಿದೆ ಅಂತ ಯಾರೋ ಅಂದರು.

ಧರ್ಮಗುರು: ಕ್ಷಮೆ ಇದೆ. ಬಹಿಷ್ಕಾರದ ಮಾತು ಅರ್ಧ ತಿಳಿದವರದು. ಗರ್ಭಪಾತ ಮಾಡಿಸಿದವರಿಗೆ ಅಂಥ ಶಿಕ್ಷೆ ಸಭೆಯ ಕಾನೂನಿನಲ್ಲಿದೆ, ನಿಜ. ಆದರೆ 18 ತುಂಬದವರಿಗೆ, ಭಾರೀ ಭಯದಲ್ಲಿ ಒತ್ತಡಕ್ಕೆ ಸಿಕ್ಕವರಿಗೆ, ಇಂಥ ಶಿಕ್ಷೆ ಇದೆ ಎಂದೇ ಗೊತ್ತಿಲ್ಲದಿದ್ದವರಿಗೆ ಅದು ತಾನಾಗಿ ಅಂಟುವುದಿಲ್ಲ. ನೀವು ಬರೆದಿರುವುದನ್ನು ನೋಡಿದರೆ ಅಂಟಿರಲಾರದು. ಧರ್ಮಾಧ್ಯಕ್ಷರ ಅನುಮತಿ ಬೇಕು ಎಂಬ ಮಾತೂ ಹಳತಾಯಿತು. 2016ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಈ ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಎಲ್ಲ ಗುರುಗಳಿಗೂ ಕೊಟ್ಟರು. ಯಾವ ಊರಿನ ಯಾವ ಗುರುವಿನ ಹತ್ತಿರವಾದರೂ ಹೋಗಿ. ನಿಮ್ಮ ಪಾಲು ಎಷ್ಟೋ ಅಷ್ಟನ್ನೇ ಹೇಳಿ: ‘ಬೇಡ ಅಂದೆ, ಗಟ್ಟಿಯಾಗಿ ಅನ್ನಲಿಲ್ಲ’. ನಿಮ್ಮ ಕಾಗದದ ಈ ಸಾಲೇ ಸಾಕು. ಅತ್ತೆಯ ಪಾಲು, ಗಂಡನ ಪಾಲು ಹೊತ್ತುಕೊಂಡು ಬರಬೇಡಿ, ಅವು ಅವರವು. ದೇಶದ ಕಾನೂನು ಕೂಡ, ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ, ಹೆಂಗಸನ್ನು ಗಂಡನೋ ನೆಂಟರೋ ಬಲವಂತ ಮಾಡಿದ್ದಾರೆ ಎಂದೇ ಮೊದಲು ಭಾವಿಸಿಕೊಂಡು ಹೊರಡುತ್ತದೆ. ವಕೀಲರಿಗೆ ಗೊತ್ತಿರುವ ಈ ಮಾತು ನಮ್ಮ ಬೋಧನೆಗಳಲ್ಲಿ ಕೇಳಿಸುವುದೇ ಅಪರೂಪ.

ಆ ಕೂಸಿಗೆ ಒಂದು ಹೆಸರಿಡಿ, ಯಾರಿಗೂ ಹೇಳಬೇಕೆಂದಿಲ್ಲ. ಅದರ ಹೆಸರಿನಲ್ಲಿ ಪೂಜೆ ಹೇಳಿಸಬಹುದು. ಪೂಜೆಗೆ ಬರೆಸುವಾಗ ‘ಖಾಸಗಿ ಉದ್ದೇಶ’ ಎಂದಷ್ಟೇ ಬರೆಸಿ, ಇಲ್ಲವಾದರೆ ಭಾನುವಾರ ಮೈಕಿನಲ್ಲಿ ಓದಿಬಿಡುತ್ತಾರೆ. ಡಿಸೆಂಬರ್ 28, ಹೆರೋದ ಕೊಲ್ಲಿಸಿದ ಕೂಸುಗಳ ಸ್ಮರಣೆಯ ದಿನ, ಅದಕ್ಕೆ ತಕ್ಕದ್ದು. ದೀಕ್ಷಾಸ್ನಾನ (ಕ್ರೈಸ್ತರಾಗುವ ಸಂಸ್ಕಾರ) ಇಲ್ಲದೆ ಹೋದ ಮಕ್ಕಳನ್ನು ಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ, ನರಕಕ್ಕಲ್ಲ.

ವಾಸನೆಯ ವಿಷಯ ಬರೆದಿದ್ದೀರಿ. ಶಿಷ್ಯ ಪೇತ್ರ ಯೇಸುವನ್ನು ‘ಅರಿಯೆ’ ಎಂದು ಮೂರು ಸಲ ಹೇಳಿದ್ದು ಚಳಿ ಕಾಯಿಸಿಕೊಳ್ಳುತ್ತ ಕೆಂಡದ ಪಕ್ಕ ನಿಂತು. ಯೊವಾನ್ನನು ಕೆಂಡದ ಬೆಂಕಿಗೆ ಅಲ್ಲಿ ಬಳಸಿದ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ, ಅವನದೇ 21ನೇ ಅಧ್ಯಾಯದಲ್ಲಿ. ಪುನರುತ್ಥಾನದ ಮೇಲೆ ಕೆರೆಯ ದಡದಲ್ಲಿ ಯೇಸು ಕೆಂಡ ಹೊತ್ತಿಸಿ, ಮೀನು ಸುಟ್ಟು, ಪೇತ್ರನನ್ನು ಊಟಕ್ಕೆ ಕರೆದು ಕೂರಿಸಿಕೊಂಡರು. ಊಟವಾದ ಮೇಲೆ ಕೇಳಿದರು, ಪ್ರೀತಿಸುತ್ತೀಯಾ ಅಂತ. ಅದೂ ಮೂರು ಸಲ. ಆ ಹೊಗೆಯ ವಾಸನೆ ಪೇತ್ರನಿಗೆ ಏನೇನು ನೆನಪು ತಂದಿರಬೇಕು! ಆದರೆ ನಡೆದದ್ದು ವಿಚಾರಣೆಯಲ್ಲ, ಮೊದಲು ಊಟ.

ಮನೋವೈದ್ಯೆ: ವಾಸನೆಗೆ ಮೈ ತಣ್ಣಗಾಗುವುದು ಆಘಾತದ ನೆನಪು, ದೇವರ ಶಾಪವಲ್ಲ. ಆ ಗಳಿಗೆಯಲ್ಲಿ ಪಾದ ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣುವ ಐದು ವಸ್ತುವಿನ ಹೆಸರು ಹೇಳಿ, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ಕೆಟ್ಟ ಕನಸು, ಆಸ್ಪತ್ರೆಯ ದಾರಿಯನ್ನೇ ತಪ್ಪಿಸುವುದು ಇದ್ದರೆ, ಇಲ್ಲವೇ ಎರಡು ವಾರ ನಿದ್ದೆ, ಹಸಿವು, ಯಾವುದರಲ್ಲೂ ಆಸೆ ಇಲ್ಲದಂತಾದರೆ ನಿವೇದನೆಯ ಜೊತೆಗೆ ಚಿಕಿತ್ಸೆಯೂ ಬೇಕು. ಒಂದು ಇನ್ನೊಂದರ ಬದಲಿಯಲ್ಲ.

ಪ್ರಶ್ನೆ: ನಾನು ಕ್ರೈಸ್ತನಲ್ಲ. ಗುರುವಾರ ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋಗುತ್ತೇನೆ. ಮೊದಲು ಬ್ರಾಂದಿ ಅಂಗಡಿ ನಡೆಸುತ್ತಿದ್ದೆ, ಅದರಿಂದ ಹಾಳಾದ ಮನೆಗಳು ಕಣ್ಣೆದುರೇ ಇವೆ. ನಾನೂ ಪಾಪನಿವೇದನೆ ಮಾಡಬಹುದೇ?

ಧರ್ಮಗುರು: ಸಂಸ್ಕಾರವಾಗಿ ಆಗುವುದಿಲ್ಲ, ಅದು ದೀಕ್ಷಾಸ್ನಾನ ಪಡೆದವರಿಗೆ. ಪರಮಪ್ರಸಾದವೂ ಹಾಗೆಯೇ. ಆ ಸಾಲಿಗೆ ಬಂದೇ ಬಿಟ್ಟಿದ್ದರೆ ಎರಡು ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ ತಲೆ ಬಾಗಿಸಿ, ಆಶೀರ್ವಾದ ಕೊಡುತ್ತಾರೆ. ಆದರೆ ಗುರುಗಳ ಹತ್ತಿರ ಕೂತು ಮನಸ್ಸು ಬಿಚ್ಚಿ ಮಾತಾಡಲು, ಪ್ರಾರ್ಥಿಸಿ ಅಂತ ಕೇಳಲು ಯಾವ ಅಡ್ಡಿಯೂ ಇಲ್ಲ. ಮತ ಬದಲಿಸು ಅಂತ ಯಾರಾದರೂ ಷರತ್ತು ಹಾಕಿದರೆ ಎದ್ದು ಬನ್ನಿ.

ನಿಮ್ಮ ಕಸುಬಿನವರೇ ಒಬ್ಬರು 12ನೇ ಶತಮಾನದ ಶರಣರಲ್ಲಿದ್ದಾರೆ, ಹೆಂಡದ ಮಾರಯ್ಯ. ಹೆಸರಿನ ಮುಂದಿನ ಹೆಂಡವನ್ನು ಯಾರೂ ಒರೆಸಲಿಲ್ಲ, ವಚನಕಾರರ ಸಾಲಿನಿಂದ ಅವರನ್ನು ಎಬ್ಬಿಸಲೂ ಇಲ್ಲ. ಅವರ ವಚನಗಳು ಗ್ರಂಥಾಲಯದ ವಚನ ಸಂಪುಟಗಳಲ್ಲಿ ಸಿಗುತ್ತವೆ.

ಹಾಳಾದ ಮನೆ ಅಂದಿರಲ್ಲ, ಅದರಲ್ಲಿ ಒಂದನ್ನು ಆಯ್ದುಕೊಳ್ಳಿ. ಮಕ್ಕಳ ಶಾಲೆ ಫೀಸೋ, ಕುಡಿತ ಬಿಡಿಸುವ ಚಿಕಿತ್ಸೆಗೆ ಕರೆದೊಯ್ಯುವ ಖರ್ಚೋ, ನಿಮ್ಮ ಹೆಸರು ಬೇಡ. ಇನ್ನು ಮಾತಾಡಲು ಗುರುವಾರ ಹೋಗಬೇಡಿ, ಆ ದಿನ ನೊವೇನಾ ಎಂಬ ವಿಶೇಷ ಪ್ರಾರ್ಥನೆ, ಕಾಲಿಡಲು ಜಾಗ ಇರುವುದಿಲ್ಲ. ಬೇರೆ ದಿನ ಮೊದಲೇ ಕಚೇರಿಯಲ್ಲಿ ವಿಚಾರಿಸಿ, ‘ಫಾದರ್ ಜೊತೆ ಮಾತಾಡಬೇಕಿತ್ತು’ ಅಂದರೆ ಹೊತ್ತು ಹೇಳುತ್ತಾರೆ.